ಎಲ್ ಅಕ್ಷರಕ್ಕೆ ಮುಗಿಯುತ್ತಿದ್ದ ನಿಘಂಟು

ಒದ್ದೆ ಬಟ್ಟೆಯ ಮೇಲೆ ಬಿಸಿ ಇಸ್ತ್ರಿ ಪೆಟ್ಟಿಗೆ ಕೂತಾಗ ಚುಂಯ್ ಎಂದು ಹಬೆ ಏಳುತ್ತದಲ್ಲ, ಆ ವಾಸನೆ ಮೂಗಿಗೆ ಬಿದ್ದರೆ ಸಾಕು, ನಾನು ಒಂಬತ್ತು ವರ್ಷದವಳಾಗಿಬಿಡುತ್ತೇನೆ. ಆದರೆ ನನ್ನ ನೆನಪಿನ ಇಸ್ತ್ರಿಯ ಕೆಳಗೆ ಬಟ್ಟೆ ಇಲ್ಲ, ಪುಸ್ತಕದ ಹಾಳೆಗಳಿವೆ. ಹಳೆಯ ಕಾಗದ, ಇದ್ದಿಲ ಕೆಂಡ, ಬೇವಿನ ಸೊಪ್ಪು ಮೂರೂ ಬೆರೆತ ವಾಸನೆ ಅದು. 2014ರ ಅಕ್ಟೋಬರಿನಲ್ಲಿ ಚಂಡಮಾರುತ ವಿಶಾಖಪಟ್ಟಣವನ್ನು ಹಾದು ಹೋದ ಮೇಲೆ ದ್ವಾರಕಾ ನಗರದ ನಮ್ಮ ಮೂರನೆಯ ಮಹಡಿಯ ಮನೆಯಲ್ಲಿ ಎಷ್ಟೋ ದಿನ ಕರೆಂಟು ಇರಲಿಲ್ಲ, ಕಿಟಕಿಗೆ ಗಾಜಿರಲಿಲ್ಲ, ಕೆಳಗೆ ರಸ್ತೆಯಲ್ಲಿ ನೆಟ್ಟಗೆ ನಿಂತ ಮರವೂ ಇರಲಿಲ್ಲ. ಅಪ್ಪ ಕುಡಿಯುವ ನೀರಿಗೆ ಅಲೆಯುತ್ತಿದ್ದರೆ, ಅಮ್ಮ ನೆಲದ ನೀರು ಬಳಿಯುತ್ತಿದ್ದರೆ, ತಾತ ಮಾತ್ರ ನೆಂದು ಮುದ್ದೆಯಾದ ಒಂದು ದಪ್ಪ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಮಂಚದಲ್ಲಿ ಸುಮ್ಮನೆ ಕೂತಿದ್ದರು. ಅವರ ಮುಖ ನೋಡಲಾಗದೆ ಅಮ್ಮ ಬೀದಿಯ ಇಸ್ತ್ರಿಯವನ ಇದ್ದಿಲ ಪೆಟ್ಟಿಗೆಯನ್ನು ಕೇಳಿ ತಂದಳು. ಹಾಳೆಯ ಮೇಲೆ ತೆಳ್ಳನೆಯ ಪಂಚೆಯ ತುಂಡು ಹಾಸಿ, ಒಂದೊಂದೇ ಪುಟವನ್ನು ಒತ್ತಿ ಒಣಗಿಸಿದಳು. ಒಣಗಿದ ಪುಟಗಳ ನಡುವೆ ಬೇವಿನ ಎಲೆ ಇಡುವುದು ನನ್ನ ಕೆಲಸ. ಶಾಲೆಗೆ ರಜೆ, ಆಟಕ್ಕೆ ಬೀದಿಯಿಲ್ಲ, ಕೈಯಲ್ಲಿ ಎಲೆ ಹಿಡಿದು ಕೂತವಳಿಗೆ ಕಣ್ಣಿಗೆ ಬಿದ್ದದ್ದನ್ನು ಓದದೆ ಬೇರೆ ದಾರಿ ಇರಲಿಲ್ಲ.

ಅದೊಂದು ಇಂಗ್ಲಿಷ್ ನಿಘಂಟು. ತಾತನ ಅಪ್ಪ, ಎಂದರೆ ನನ್ನ ಮುತ್ತಜ್ಜ, ಬಳ್ಳಾರಿಯ ಕೋರ್ಟಿನಲ್ಲಿ ಕಾಗದಪತ್ರಗಳನ್ನು ಭಾಷಾಂತರ ಮಾಡುತ್ತಿದ್ದವರು. ಪ್ರತಿ ಪುಟದ ಅಂಚಿನಲ್ಲಿ ಅವರು ನೇರಳೆ ಮಸಿಯಿಂದ, ಸಾಸಿವೆ ಕಾಳಿನಂಥ ಅಕ್ಷರಗಳಲ್ಲಿ, ತಮಗೆ ಒಪ್ಪಿಗೆಯಾದ ಕನ್ನಡದ ಮಾತನ್ನು ಬರೆದಿಟ್ಟಿದ್ದರು. ಗ್ಯಾರ್ಯುಲಸ್ ಎಂಬ ಪದದ ಪಕ್ಕ ಬಾಯಿಬಡುಕ. ಲ್ಯಾಕ್ರಿಮೋಸ್‌ಗೆ ಅಳುಬುರುಕ. ಕ್ರೆಪಸ್ಕ್ಯುಲರ್ ಎಂಬ ಎಡವಿ ಬೀಳುವ ಪದಕ್ಕೆ ಮುಚ್ಚಂಜೆಯ ಎಂಬ ಮೆತ್ತನೆಯ ಪದ. ನನಗೆ ಆಗ ಬರುತ್ತಿದ್ದದ್ದು ಅಡುಗೆಮನೆಯ ಕನ್ನಡ ಮಾತ್ರ: ಊಟ ಆಯ್ತಾ, ನೀರು ಬೇಕು, ಬಾಗಿಲು ಹಾಕು. ಅಮ್ಮ ಭೀಮುನಿಪಟ್ಟಣದ ತೆಲುಗಿನವಳು, ಗೆಳತಿಯರು ತೆಲುಗು, ಜಗಳವೂ ಕನಸೂ ತೆಲುಗು. ಮುಚ್ಚಂಜೆ ಎಂದರೇನು ಎಂದು ತಾತನನ್ನು ಕೇಳಿದೆ. ಅವರು ನನ್ನನ್ನು ಬಾಲ್ಕನಿಗೆ ಕರೆದುಕೊಂಡು ಹೋಗಿ, ದೀಪವೇ ಇಲ್ಲದ ಊರಿನ ಮೇಲೆ ಬೆಳಕು ಹೋಗುತ್ತಾ ಹೋಗದೆ ನಿಂತಿದ್ದ ಆ ಹೊತ್ತನ್ನು ತೋರಿಸಿದರು. ಇಂಗ್ಲಿಷಿನ ಪದ ಕಲಿಯಲು ಹೋಗಿ ನಾನು ಕನ್ನಡ ಕಲಿತದ್ದು ಹೀಗೆ, ಹಿತ್ತಲ ಬಾಗಿಲಿನಿಂದ.

ಆ ಚಳಿಗಾಲದಿಂದ ನಮ್ಮಿಬ್ಬರದೂ ಒಂದು ಪದ್ಧತಿಯಾಯಿತು. ಬೆಳಿಗ್ಗೆ ಶಾಲೆಯ ಬಸ್ಸು ಬರುವ ಮೊದಲು ತಾತ ಒಂದು ಪದ ಕೊಡುವರು. ಸಂಜೆಯೊಳಗೆ ನಾನು ಅದನ್ನು ಊರಿನಲ್ಲಿ ಎಲ್ಲಾದರೂ ಹಿಡಿದು ತರಬೇಕು. ಅರ್ಥವನ್ನು ಒಪ್ಪಿಸಿದರೆ ಅವರಿಗೆ ಸಾಲದು. ಕಂಡದ್ದನ್ನು ಹೇಳಬೇಕು, ಸಾಧ್ಯವಿದ್ದರೆ ತೋರಿಸಬೇಕು. ಫ್ರೈಯಬಲ್, ಅಂದರೆ ಬೆರಳಿಗೆ ಸಿಕ್ಕರೆ ಪುಡಿಪುಡಿಯಾಗುವಂಥದ್ದು ಎಂಬ ಪದ ಬಂದ ದಿನ ಅಮ್ಮನ ತವರೂರಿಗೆ ಹೋಗುವ ದಾರಿಯ ಕೆಂಪು ಮಣ್ಣಿನ ದಿಬ್ಬದಿಂದ ಒಂದು ಹೆಂಟೆ ಎತ್ತಿ ಟಿಫಿನ್ ಡಬ್ಬಿಯಲ್ಲಿ ತಂದಿದ್ದೆ. ತಾತ ಅದನ್ನು ಬೆರಳಲ್ಲಿ ಹಿಸುಕಿ ನೋಡಿ, ಹೌದೆಂದು ತಲೆಯಾಡಿಸಿ ಒಪ್ಪಿಕೊಂಡರು. ಅಮ್ಮ ಒಪ್ಪಿಕೊಳ್ಳಲಿಲ್ಲ, ಡಬ್ಬಿಯನ್ನು ಮೂರು ಸಲ ತೊಳೆದಳು. ಗ್ಲೇಬ್ರಸ್, ಬೋಳು ಎಂಬ ಪದಕ್ಕೆ ಊರೆಲ್ಲ ಅಲೆಯಬೇಕಾಗಲಿಲ್ಲ. ತಾತ ತಾವೇ ತಲೆ ಬಗ್ಗಿಸಿದರು. ಹ್ಯಾಲ್ಸಿಯನ್‌ಗಾಗಿ ನಾಲ್ಕು ಭಾನುವಾರ ಕಡಲ ತೀರಕ್ಕೆ ಹೋಗಿ, ಅಲೆ ಅಡಗಿದ ಸಮುದ್ರ ಸಿಗದೆ ಬರಿಗೈಯಲ್ಲಿ ಬಂದೆವು. ಒಮ್ಮೆ ಕೆಳಗಿನ ಮನೆಯ ಆಂಟಿಗೆ, ನೀವು ಗ್ಯಾರ್ಯುಲಸ್ ಅಂತ ತಾತ ಹೇಳಿದರು ಎಂದು ನಾನು ಭಾರಿ ಪ್ರೀತಿಯಿಂದ ತಿಳಿಸಿದೆ. ಆಕೆ ಅದೇನೋ ದೊಡ್ಡ ಹೊಗಳಿಕೆಯೆಂದು ಬಗೆದು ಸಂಜೆ ಒಂದು ತಟ್ಟೆ ಅರಿಸೆಲು ಕಳಿಸಿದರು. ಆ ಬೆಲ್ಲದ ಕಜ್ಜಾಯ ತಿನ್ನುವಾಗ ತಾತನ ಮುಖದಲ್ಲಿದ್ದ ಪಾಪಪ್ರಜ್ಞೆಯನ್ನು ನಾನು ಇನ್ನೂ ಮರೆತಿಲ್ಲ, ಆದರೆ ಅವರು ಒಂದನ್ನೂ ಬಿಡಲಿಲ್ಲ.

ಒಂದೇ ಒಂದು ತೊಂದರೆಯಿತ್ತು. ನಮ್ಮ ನಿಘಂಟು ಎಲ್ ಅಕ್ಷರಕ್ಕೆ ಮುಗಿದುಹೋಗುತ್ತಿತ್ತು. ಅದು ಎರಡು ಸಂಪುಟಗಳ ಪುಸ್ತಕ. ಎಂ ಇಂದ ಝಡ್‌ವರೆಗಿನ ಎರಡನೆಯದು ತಾತನ ತಮ್ಮನ ಹತ್ತಿರವಿತ್ತು. ಮುತ್ತಜ್ಜ ತೀರಿಕೊಂಡ ಮೇಲೆ ಬಳ್ಳಾರಿಯ ಮನೆ ಪಾಲಾದಾಗ ಅಣ್ಣತಮ್ಮ ಇಬ್ಬರೂ ಎಂಥ ಮರ್ಯಾದಸ್ಥರೆಂದರೆ, ಜೋಡಿ ದೀಪದಲ್ಲಿ ಒಂದು ಇವರಿಗೆ ಒಂದು ಅವರಿಗೆ, ಜೋಡಿ ಹಂಡೆಯಲ್ಲಿ ಒಂದೊಂದು, ಹಾಗೆಯೇ ನಿಘಂಟಿನಲ್ಲೂ ಒಂದೊಂದು ಸಂಪುಟ ಎತ್ತಿಕೊಂಡರು. ದೀಪವನ್ನು ಒಂಟಿಯಾಗಿ ಹಚ್ಚಬಹುದು, ಹಂಡೆಯಲ್ಲಿ ಒಂಟಿಯಾಗಿ ನೀರು ಕಾಯಿಸಬಹುದು. ಅರ್ಧ ನಿಘಂಟನ್ನು ಏನು ಮಾಡುತ್ತಾರೆ? ಜಗತ್ತಿನಲ್ಲಿ ಬೇರೆ ಯಾರಾದರೂ ಇಂಥ ಪಾಲು ಮಾಡಿಕೊಂಡಿದ್ದಾರೆಯೇ ಎಂದು ನಾನು ಈಗಲೂ ಯೋಚಿಸುತ್ತೇನೆ. ಆವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ ತಾತ ಒಮ್ಮೆ ಮಾತ್ರ ಹೇಳಿದ್ದರು: "ಎರಡೂ ನೀನೇ ಇಟ್ಕೊ ಅಣ್ಣಾ ಅಂತ ಒಂದು ಮಾತು ಅಂತಾನೇನೋ ಅಂತ ಕಾದೆ. ಅನ್ನಲಿಲ್ಲ ಅವ." ಅಷ್ಟು ಹೇಳಿ ಪುಟ ಮಗುಚಿದರು.

ಫೋನಿನಲ್ಲಿ ಎಲ್ಲ ಪದವೂ ಸಿಗುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಸಿಗುತ್ತಿತ್ತು, ಅಮ್ಮನ ಫೋನಿನಲ್ಲಿ. ಆದರೆ ಫೋನು ನಾವು ಕೇಳಿದ ಪದವನ್ನಷ್ಟೇ ಕೊಡುತ್ತದೆ. ಇದೆಯೆಂದೇ ಗೊತ್ತಿಲ್ಲದ ಪದವನ್ನು ಕೇಳುವುದು ಹೇಗೆ? ಪುಸ್ತಕದಲ್ಲಿ ಒಬ್ಬರನ್ನು ಹುಡುಕಿಕೊಂಡು ಹೋದರೆ ಅಕ್ಕಪಕ್ಕದ ಮನೆಯವರೆಲ್ಲ ಹೊರಗೆ ಬಂದು ಮಾತಾಡಿಸುತ್ತಾರೆ. ಅಲ್ಲದೆ ಫೋನಿನಲ್ಲಿ ಮುತ್ತಜ್ಜನ ನೇರಳೆ ಕನ್ನಡ ಇರಲಿಲ್ಲ. ಹೊಸ ನಿಘಂಟು ಕೊಳ್ಳೋಣವೆಂದು ಅಪ್ಪ ಹೇಳಿದರೆ ತಾತ, ಮನೆಯಲ್ಲಿ ಅರ್ಧ ಇರುವಾಗ ಪೂರ್ತಿ ಯಾಕೆ ಎಂದು ಬಾಯಿ ಮುಚ್ಚಿಸುತ್ತಿದ್ದರು. 2016ರಲ್ಲಿ ಶಾಲೆಗಳ ನಡುವಿನ ಪದಸ್ಪರ್ಧೆಯಲ್ಲಿ ಎ ಇಂದ ಎಲ್‌ವರೆಗೆ ನನ್ನನ್ನು ಅಲುಗಾಡಿಸುವವರೇ ಇರಲಿಲ್ಲ. ಪೆಲ್ಯುಸಿಡ್ ಎಂಬ ಪದ ಬಂತು. ಗೊತ್ತಿಲ್ಲವೆಂದು ಹೇಳಿ ವೇದಿಕೆ ಇಳಿದೆ. ಪಿ ಅಕ್ಷರದ ಆ ಪದ ತಮ್ಮನ ಪಾಲಿಗೆ ಹೋಗಿತ್ತು. ಬಸ್ಸಿನಲ್ಲಿ ಮನೆಗೆ ಬರುವಾಗ ನಾನು ಅಳಲಿಲ್ಲ, ಕಿಟಕಿಯ ಕಡೆ ತಿರುಗಿ ಕೂತಿದ್ದ ತಾತನಿಗೆ ನನಗೆ ಆ ಎರಡನೆಯ ಸಂಪುಟ ಬೇಕೇ ಬೇಕು ಎಂದೆ. ನನ್ನ ಬಾಲ್ಯದಲ್ಲಿ ನಾನು ಸೈಕಲ್ಲಿಗೆ ಹಟ ಮಾಡಿದ್ದಿಲ್ಲ, ಹೊಸ ಬಟ್ಟೆಗೆ ಮಾಡಿದ್ದಿಲ್ಲ. ಈ ಒಂದಕ್ಕೆ ಮಾಡಿದೆ.

ಮರುವರ್ಷ ಅಪ್ಪನ ಔಷಧ ಕಂಪನಿಯವರು ಅವರನ್ನು ವಿಜಯವಾಡಕ್ಕೆ ವರ್ಗ ಮಾಡಿದರು. ಕಡಲು ಬಿಟ್ಟು ಬಂದ ದುಃಖದಲ್ಲಿ ಎಲ್ಲರೂ ಇರುವಾಗ ನನಗೊಬ್ಬಳಿಗೆ ಒಳಗೊಳಗೇ ಖುಷಿ, ಯಾಕೆಂದರೆ ತಾತನ ತಮ್ಮ ಇದ್ದದ್ದು ಕೃಷ್ಣೆಯ ಆಚೆ, ಮಂಗಳಗಿರಿಯಲ್ಲಿ. ಅವರು ಅಲ್ಲಿನ ನೇಕಾರರ ಮನೆತನದ ತೆಲುಗಿನವರನ್ನು ಮದುವೆಯಾಗಿ, ಶಾಲೆಯಲ್ಲಿ ಮೇಷ್ಟರಾಗಿದ್ದು ನಿವೃತ್ತರಾಗಿ, ಹೆಂಡತಿ ತೀರಿಕೊಂಡ ಮೇಲೆ ಮಗನ ಸಂಸಾರದ ಜೊತೆ ಇದ್ದರು. ವಾಸುದೇವರಾವ್ ಎಂದು ಹೆಸರು. ನನಗೆ ಸಣ್ಣ ತಾತ. ವಿಳಾಸ ಕೊಟ್ಟವಳು ಅಮ್ಮ. ತನ್ನ ಮದುವೆಯ ಆಮಂತ್ರಣ ಪತ್ರಿಕೆಗಳ ಹಳೆಯ ಪಟ್ಟಿಯಿಂದ ಅದನ್ನು ಹೆಕ್ಕಿ ನನ್ನ ಕೈಗೆ ಕೊಟ್ಟು, "ಮಾವಯ್ಯಗಾರು ಕೇಳಿದ್ರೆ ನನ್ನ ಹೆಸರು ಹೇಳಬೇಡಮ್ಮಾ" ಎಂದಳು. ನಾನು ಒಂದು ಅಂಚೆ ಕಾರ್ಡಿನಲ್ಲಿ ನಾನ್ಯಾರೆಂದು ಬರೆದು, ಪೆಲ್ಯುಸಿಡ್ ಪದದ ಪಕ್ಕ ಮುತ್ತಜ್ಜ ಏನು ಬರೆದಿದ್ದಾರೆ ದಯವಿಟ್ಟು ತಿಳಿಸಿ ಎಂದು ಕೇಳಿದೆ. ಸುಮ್ಮನೆ ಕೇಳುವುದು ಸರಿಯಲ್ಲವೆಂದು ನಮ್ಮ ಸಂಪುಟದ ಲ್ಯಾಕ್ರಿಮೋಸ್ ಮತ್ತು ಅದರ ಅಳುಬುರುಕನನ್ನು ಬದಲಿಗೆ ಕಳಿಸಿದೆ.

ಆರನೆಯ ದಿನ ಉತ್ತರ ಬಂತು. ವಿಜಯವಾಡದಿಂದ ಮಂಗಳಗಿರಿಗೆ ಬಸ್ಸಿನಲ್ಲಿ ಹೋದರೆ ಒಂದು ನಿದ್ದೆಗೂ ಸಾಲದಷ್ಟು ದೂರ. ಕಾರ್ಡಿಗೆ ಮೂರು ದಿನ ಬೇಕಾಗುತ್ತಿತ್ತು. ಬಾಗಿಲಲ್ಲಿ ಬಿದ್ದಿದ್ದ ಕಾರ್ಡನ್ನು ಎತ್ತಿಕೊಂಡವಳು ಒಂದು ಕ್ಷಣ ಇದೇನು, ತಾತ ನನಗೇ ಕಾರ್ಡು ಬರೆದಿದ್ದಾರಲ್ಲ ಎಂದುಕೊಂಡೆ. ಅಕ್ಷರ ಅಷ್ಟು ಒಂದೇ ಥರ ಇತ್ತು. ಅದೇ ಬಾಲ ಎಳೆದ ರ, ಅದೇ ಬೆನ್ನು ಬಗ್ಗಿದ ನ. ಒಂದೇ ತಂದೆ ಒಂದೇ ಹಲಗೆಯ ಮೇಲೆ ಇಬ್ಬರ ಕೈಯನ್ನೂ ಹಿಡಿದು ತಿದ್ದಿಸಿದ್ದರಂತೆ. ಪೆಲ್ಯುಸಿಡ್: ತಳ ಕಾಣುವ, ತಿಳಿಯಾದ. ಅದರ ಕೆಳಗೆ, ಅಳುಬುರುಕ ಅಂತ ಅಪ್ಪ ಬರೆದದ್ದು ನನ್ನನ್ನು ನೋಡಿಯೇ, ನಿಮ್ಮ ತಾತನನ್ನು ಬೇಕಾದರೆ ಕೇಳು ಎಂದು ಒಂದು ಸಾಲು. ನಾನು ಆ ಕಾರ್ಡನ್ನು ಊಟದ ಮೇಜಿನ ಮೇಲೆ, ತಾತನ ತಟ್ಟೆಯ ಪಕ್ಕ ಇಟ್ಟುಬಿಟ್ಟೆ. ತಾತ ಕನ್ನಡಕ ಹಾಕಿಕೊಂಡು ಓದಿದರು, ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡು ಓದಿದರು. ಅಮ್ಮ ಬೇಕೆಂದೇ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಸಾರು ತಣ್ಣಗಾಯಿತು ಎಂದಷ್ಟೇ ಹೇಳಿ ತಾತ ಊಟಕ್ಕೆ ಕೂತರು, ಆದರೆ ಕಾರ್ಡು ಅವರ ಜೇಬಿಗೆ ಹೋಯಿತು.

ಆಮೇಲೆ ವಾರಕ್ಕೆ ಎರಡು ಕಾರ್ಡು ಬರತೊಡಗಿದವು. ಮೆಲ್ಲಿಫ್ಲೂಅಸ್, ಜೇನಿಳಿಯುವ. ಸಸರಸ್, ಎಲೆಗಳ ಗುಸುಗುಸು. ನಾವು ಎಲ್‌ವರೆಗಿನ ಒಂದು ಪದ ಕಳಿಸಿದರೆ ಅವರು ಎಂ ಇಂದಾಚೆಯ ಒಂದು ಪದ ಕಳಿಸುವರು. ಟ್ಯಾಸಿಟರ್ನ್ ಎಂಬ ಪದಕ್ಕೆ ಮುತ್ತಜ್ಜ ಬಾಯಿ ಬಿಡದವ ಎಂದು ಬರೆದಿದ್ದನ್ನು ಕಳಿಸಿ, ಇವರು ನಿಮ್ಮ ಮನೆಯಲ್ಲೇ ಇದ್ದಾರೆ, ಹುಡುಕಲು ಹೋಗಬೇಡ ಎಂದು ಸಣ್ಣ ತಾತ ಸೇರಿಸಿದ್ದರು. ಅದನ್ನೋದಿ ತಾತ, "ಅವನೇನ್ ಕಮ್ಮಿ ಅದಾನಾ" ಎಂದರು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳಲ್ಲಿ ತಮ್ಮನ ಮಾತಿಗೆ ಅವರು ಕೊಟ್ಟ ಮೊದಲ ಉತ್ತರ ಅದು, ಅದೂ ಗೋಡೆಗೆ. ಪೋಸ್ಟಿನವನು ಬರುವ ಹೊತ್ತಿಗೆ ಅವರು ಬಾಗಿಲ ಹತ್ತಿರದ ಕುರ್ಚಿಗೆ ಬಂದು ಕೂತಿರುವುದನ್ನು ನಾವೆಲ್ಲ ನೋಡಿದೆವು, ನೋಡಲಿಲ್ಲವೆಂಬಂತೆ ಇದ್ದೆವು. ಯಾವ ಪದ ಕಳಿಸಬೇಕೆಂದು ಆರಿಸುತ್ತಿದ್ದವರೂ ಈಗ ಅವರೇ. ಆದರೂ ಕಾರ್ಡಿಗೆ ತಾವೇ ಕೈ ಹಚ್ಚುತ್ತಿರಲಿಲ್ಲ, ಬರೆಯುವುದು ನಾನೇ. ಒಂದು ಸಲ, ಬಸ್ಸು ಹತ್ತಿ ಹೋಗಿಬರೋಣವೇ ತಾತಾ ಎಂದು ಕೇಳಿದೆ. ನೋಡೋಣ ಎಂದರು. ಸಣ್ಣ ತಾತನಿಗೂ ಕಾರ್ಡಿನಲ್ಲಿ ನಮ್ಮ ಮನೆಗೆ ಬನ್ನಿ ಎಂದು ಬರೆದೆ. ನೋಡೋಣ ಎಂದು ಉತ್ತರ ಬಂತು. ಆಗ ನನಗೆ ಹನ್ನೆರಡು ವರ್ಷ, ಇಬ್ಬರನ್ನೂ ಹಿಡಿದು ಒಂದು ಕೋಣೆಯಲ್ಲಿ ಕೂಡಿಹಾಕಬೇಕು ಅನ್ನಿಸುವಷ್ಟು ಸಿಟ್ಟು ಬಂದಿತ್ತು.

2018ರ ಸಂಕ್ರಾಂತಿ ಕಳೆದ ಮೇಲೆ ಪದಸ್ಪರ್ಧೆಯ ಕೊನೆಯ ಸುತ್ತು ವಿಜಯವಾಡದಲ್ಲೇ, ಒಂದು ಶಾಲೆಯ ಸಭಾಂಗಣದಲ್ಲಿ ಎಂದು ಗೊತ್ತಾಯಿತು. ಈ ಸಲ ನಾನು ಅಲ್ಲಿಯವರೆಗೆ ತಲುಪಿದ್ದೆ. ಕೊನೆಯ ಸುತ್ತಿನ ನಿಯಮ ವಿಚಿತ್ರವಾಗಿತ್ತು: ಉಳಿದ ಇಬ್ಬರು ಒಬ್ಬರಿಗೊಬ್ಬರು ಪದ ಒಡ್ಡಬೇಕು. ಎದುರಿನವರಿಗೆ ಬಾರದಿದ್ದರೆ ಒಡ್ಡಿದವರೇ ಅರ್ಥ ಹೇಳಬೇಕು, ತೀರ್ಪುಗಾರರು ಕೇಳಿದರೆ ಅಚ್ಚಾದ ನಿಘಂಟಿನಲ್ಲಿ ತೋರಿಸಬೇಕು. ಫೋನು ನಡೆಯುವುದಿಲ್ಲ. ನಾನು ಸಣ್ಣ ತಾತನಿಗೆ ಎಲ್ಲ ವಿವರ ಬರೆದು, ಪುಸ್ತಕದ ಸಮೇತ ಬರಲೇಬೇಕು, ನೋಡೋಣ ಅನ್ನಬಾರದು ಎಂದು ಕೊನೆಗೆ ಸೇರಿಸಿ ಅದರ ಕೆಳಗೆ ಗೆರೆ ಎಳೆದೆ. ಬಂದ ಕಾರ್ಡಿನಲ್ಲಿ ಬರುತ್ತೇನೆಂದೂ ಇರಲಿಲ್ಲ, ಇಲ್ಲವೆಂದೂ ಇರಲಿಲ್ಲ. ಒಂದು ಪದವಷ್ಟೇ ಇತ್ತು. ವೆಲೀಯಿಟಿ. ಇಂಗ್ಲಿಷಿನ ಅರ್ಥ: ಕೆಲಸಕ್ಕೆ ಇಳಿಯುವಷ್ಟು ಬಲವಿಲ್ಲದ ಇಚ್ಛೆ. ಅಂಚಿನಲ್ಲಿ ಮುತ್ತಜ್ಜ ಬರೆದದ್ದು: ಎದ್ದು ನಿಲ್ಲದ ಆಸೆ. ಯಾವಾಗಲೂ ಒಂದು ತಮಾಷೆ ಸೇರಿಸುತ್ತಿದ್ದ ಸಣ್ಣ ತಾತ ಆವತ್ತು ಏನೂ ಸೇರಿಸಿರಲಿಲ್ಲ. ತಾತ ಆ ಕಾರ್ಡನ್ನು ಇಡೀ ದಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದರು.

ಸ್ಪರ್ಧೆಯ ದಿನ ತಾತ ಮೊದಲ ಸಾಲಿನಲ್ಲಿ, ನಮ್ಮ ಸಂಪುಟವನ್ನು ಕೈಚೀಲದಲ್ಲಿ ಹಿಡಿದು, ಅಮ್ಮನ ಪಕ್ಕ ಕೂತಿದ್ದರು. ವೇದಿಕೆಯಿಂದ ನನಗೆ ಕೊನೆಯ ಸಾಲು ಕಾಣುತ್ತಿತ್ತು. ಅಲ್ಲಿ ತಾತನದೇ ಬೋಳು ತಲೆ, ತಾತನದೇ ಮೂಗು ಇರುವ ಇನ್ನೊಬ್ಬರು, ಮಂಗಳಗಿರಿಯ ಹತ್ತಿಯ ಬಟ್ಟೆಯಲ್ಲಿ ಸುತ್ತಿದ ಗಂಟೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದನ್ನು ಕಂಡಾಗ ನನಗೆ ಬಂದ ಧೈರ್ಯ ಸಣ್ಣದಲ್ಲ. ನನ್ನ ಎದುರಾಳಿ ಗುಂಟೂರಿನ ಕನ್ನಡಕದ ಹುಡುಗಿ, ಬೆಂಕಿಯಂಥವಳು. ಅವಳು ಒಡ್ಡಿದ ಮೂರನ್ನೂ ನಾನು ಹೇಳಿದೆ, ನಾನು ಒಡ್ಡಿದ ಎರಡನ್ನು ಅವಳು ಹೇಳಿದಳು. ನನ್ನದು ಒಂದು ಉಳಿದಿತ್ತು. ವೆಲೀಯಿಟಿ ಎಂದೆ. ಅವಳು ಮೇಲೆ ನೋಡಿದಳು, ಕೆಳಗೆ ನೋಡಿದಳು, ಗೊತ್ತಿಲ್ಲವೆಂದಳು. ನಾನು ಅರ್ಥ ಹೇಳಿದೆ. ತೀರ್ಪುಗಾರರು ತಮ್ಮ ಮೇಜಿನ ಮೇಲಿದ್ದ ನಿಘಂಟನ್ನು ಎರಡು ಸಲ ತಿರುವಿ ಹಾಕಿ, ಇಂಥ ಪದವೇ ಇಲ್ಲವಲ್ಲಮ್ಮಾ, ಎಲ್ಲಿದೆ ತೋರಿಸು ಎಂದು ತೆಲುಗಿನಲ್ಲಿ ಕೇಳಿದರು.

ನಾನು ಕೊನೆಯ ಸಾಲನ್ನು ನೋಡಿದೆ. ಸಣ್ಣ ತಾತ ಕುರ್ಚಿಯ ತೋಳು ಹಿಡಿದು ಅರ್ಧ ಎದ್ದರು. ಮೊದಲ ಸಾಲಿನಲ್ಲಿದ್ದ ಅಣ್ಣನ ಬೆನ್ನು ಕಂಡಿತೇನೋ, ಮತ್ತೆ ಕೂತುಬಿಟ್ಟರು. ಹೆಸರು ಹಿಡಿದು ಕೂಗಬಹುದಿತ್ತು, ಆಗಲಿಲ್ಲ. ಅಷ್ಟರಲ್ಲಿ ನನ್ನ ಕಣ್ಣು ಹೋದ ದಿಕ್ಕನ್ನು ಹಿಡಿದು ತಾತ ಹಿಂದೆ ತಿರುಗಿ ನೋಡಿದರು. ಎಷ್ಟು ಹೊತ್ತು ನೋಡಿದರೋ. ಆಮೇಲೆ ಕೈಚೀಲವನ್ನು ಅಮ್ಮನ ತೊಡೆಗೆ ಹಾಕಿ, ಮಂಡಿಗೆ ಕೈಯೂರಿ ಎದ್ದು ನಿಂತರು. "ಆ ಪದ ನನ್ನ ತಮ್ಮನ ಹತ್ರ ಅದ" ಎಂದರು, ತೆಲುಗಿನ ಅಷ್ಟು ದೊಡ್ಡ ಸಭೆಯಲ್ಲಿ, ಬಳ್ಳಾರಿಯ ಕನ್ನಡದಲ್ಲಿ. ಮತ್ತೆ ಹಿಂದಕ್ಕೆ ತಿರುಗಿ, "ವಾಸ್ಯಾ, ತಗೊಂಡ್ ಬಾರೋ."

ಸಣ್ಣ ತಾತ ಎದ್ದರು. ಕುರ್ಚಿಗಳ ನಡುವಿನ ದಾರಿಯಲ್ಲಿ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ನಡೆದು ಬಂದರು. ಮೊದಲ ಸಾಲಿಗೆ ಬಂದವರು ನೇರ ವೇದಿಕೆಗೆ ಬರದೆ, ಪುಸ್ತಕವನ್ನು ಅಣ್ಣನ ಕೈಗೆ ಕೊಟ್ಟರು. ತಾತ ಗಂಟು ಬಿಚ್ಚಿ, ಪುಟ ತೆಗೆದು, ತೀರ್ಪುಗಾರರ ಮುಂದೆ ಹಿಡಿದರು. ಬೆರಳು ಸರಿಯಾದ ಸಾಲಿನ ಮೇಲೇ ಇತ್ತು. ಚಪ್ಪಾಳೆ ಬಿತ್ತು, ನಾನು ಗೆದ್ದೆ, ಹಿತ್ತಾಳೆಯ ಬಟ್ಟಲು ಕೊಟ್ಟರು, ಫೋಟೋ ತೆಗೆದರು. ಆ ಫೋಟೋದಲ್ಲಿ ನಾನು ಕ್ಯಾಮೆರಾ ನೋಡುತ್ತಿಲ್ಲ. ಕೆಳಗೆ ಇಬ್ಬರು ಮುದುಕರು ಒಂದೇ ಪುಸ್ತಕದ ಮೇಲೆ ತಲೆ ಬಗ್ಗಿಸಿಕೊಂಡು ನಿಂತಿರುವುದನ್ನು ನೋಡುತ್ತಿದ್ದೇನೆ. ಮನೆಗೆ ಹೋಗುವಾಗ ಆಟೋದಲ್ಲಿ ಸಣ್ಣ ತಾತ ಅಮ್ಮನಿಗೆ, ಎರಡೂ ನೀನೇ ಇಟ್ಟುಕೊಳ್ಳೋ ತಮ್ಮಾ ಅಂತ ಅಣ್ಣ ಅನ್ನುತ್ತಾನೇನೋ ಎಂದು ಆವತ್ತು ಕಾದಿದ್ದೆ, ಅನ್ನಲಿಲ್ಲವಮ್ಮಾ ಎಂದು ಹೇಳಿದರು. ಅಮ್ಮ ಬಿದ್ದು ಬಿದ್ದು ನಕ್ಕಳು, ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ನನ್ನ ಬದುಕಿನಲ್ಲಿ ಅಷ್ಟು ದೊಡ್ಡದಾಗಿ ಮತ್ತೆಂದೂ ಗೆದ್ದಿಲ್ಲ.

ಅಲ್ಲಿಂದ ಒಂದೂವರೆ ವರ್ಷ ನಮ್ಮ ಮನೆಯ ಭಾನುವಾರಗಳು ಎ ಇಂದ ಝಡ್‌ವರೆಗೆ ಪೂರ್ತಿಯಾಗಿದ್ದವು. ಸಣ್ಣ ತಾತ ಬೆಳಗಿನ ಬಸ್ಸಿಗೆ ಬರುವರು, ಎರಡು ಸಂಪುಟಗಳೂ ಊಟದ ಮೇಜಿನ ಮೇಲೆ ಅಕ್ಕಪಕ್ಕ ಕೂರುವವು, ಅಣ್ಣತಮ್ಮಂದಿರು ಮುತ್ತಜ್ಜನ ಒಂದೊಂದು ಕನ್ನಡ ಪದಕ್ಕೂ ಜಗಳವಾಡುವರು. ಇಬ್ಬರೂ ಎಷ್ಟು ಮಾತಾಡಿದರೆಂದರೆ, ಗ್ಯಾರ್ಯುಲಸ್ ಪದವನ್ನು ಕೆಳಮನೆಯ ಆಂಟಿಯಿಂದ ಹಿಂತೆಗೆದುಕೊಂಡು ಇವರಿಗೆ ಕೊಡಬೇಕೆಂದು ಅಮ್ಮ ಹೇಳುತ್ತಿದ್ದಳು. 2019ರ ಮಳೆಗಾಲದಲ್ಲಿ ಸಣ್ಣ ತಾತ ಹೋದರು. ಆ ವರ್ಷ ಮುಗಿಯುವ ಮೊದಲೇ, ತಮ್ಮನ ಹಿಂದೆಯೇ ಬಸ್ಸು ಹಿಡಿದವರ ಹಾಗೆ, ತಾತನೂ ಹೋದರು. ವಿಜಯವಾಡದ ಆ ಮನೆ ಬಿಟ್ಟೆವು, ದ್ವಾರಕಾ ನಗರದ ಮನೆಯಿದ್ದ ಜಾಗದಲ್ಲಿ ಬೇರೇನೋ ಎದ್ದಿದೆ. ಬಾಲ್ಕನಿ, ಬಾಗಿಲ ಹತ್ತಿರದ ಆ ಕುರ್ಚಿ, ಸಂಜೆಗೆ ಪದ ಹಿಡಿದು ತಾ ಎಂದು ಕಳಿಸುವ ದನಿ, ಯಾವುದೂ ಇಲ್ಲ. ಎರಡು ಸಂಪುಟಗಳು ಮಾತ್ರ ನನ್ನ ಹತ್ತಿರವಿವೆ, ನಾನು ಓದಲು ಮತ್ತೆ ಬಂದು ಸೇರಿರುವ ಇದೇ ವಿಶಾಖಪಟ್ಟಣದಲ್ಲಿ.

ಹೋದ ತಿಂಗಳು ಕಡಲಿನ ತೇವಕ್ಕೆ ಎರಡನೆಯ ಸಂಪುಟದ ಹಾಳೆಗಳು ಅಂಟಿಕೊಂಡಿದ್ದವು. ಅಮ್ಮನ ಹಾಗೆಯೇ ಮೇಲೆ ತೆಳ್ಳನೆಯ ಬಟ್ಟೆ ಹಾಸಿ, ಇಸ್ತ್ರಿ ಪೆಟ್ಟಿಗೆಯನ್ನು ಹಗುರವಾಗಿ ಆಡಿಸುತ್ತಾ ಬಂದೆ. ಅದೇ ವಾಸನೆ ಎದ್ದಿತು. ವಿ ಅಕ್ಷರದ ಪುಟ ಬಿಚ್ಚಿಕೊಂಡಾಗ ಅಂಚಿನಲ್ಲಿ ಮುತ್ತಜ್ಜನ ನೇರಳೆ ಮಸಿ ಕಂಡಿತು: ಎದ್ದು ನಿಲ್ಲದ ಆಸೆ. ಅದರ ಕೆಳಗೆ, ನಾನು ಹಿಂದೆಂದೂ ನೋಡಿರದ ಎರಡು ಮಾತು, ನೀಲಿ ಬಾಲ್‌ಪೆನ್ನಿನಲ್ಲಿ: ಅಪ್ಪಾ, ನಿಂತೆವು. ಬೆನ್ನು ಬಗ್ಗಿದ ಆ ನ ಅಕ್ಷರವನ್ನು ಬಹಳ ಹೊತ್ತು ನೋಡಿದೆ. ಯಾರು ಬರೆದದ್ದೆಂದು ಹೇಳಲು ನನಗೆ ಸಾಧ್ಯವೇ ಇಲ್ಲ. ಇಬ್ಬರ ಕೈಬರಹವೂ ಒಂದೇ.